ತೊಯ್ದಾಗ ನೋಡಬ್ಯಾಡ

ಬೆಟಗೇರಿಯೊಳಗ ಹನ್ನೊಂದು ದಿನಕ್ಕ ನಳ ಬಂದ ಸೋಮವಾರ
ದ್ರಾಕ್ಷಾಯಣಿ ಕಂಡಕ್ಟರ್ ರಜಾ ಹಾಕಿ ಬಂದ್ಲು.
ನಾನೇ ಹೇಳಿದ್ದೆ: ಬೋರಿನ ಸವುಳ ನೀರಿಗೆ
ಈ ಕೆಲಸ ಒಗ್ಗೂದಿಲ್ಲ, ಸಿಹಿನೀರು ಬರಲಿ, ಫೋನ್ ಮಾಡತೀನಿ.

ಖುರ್ಚಿ ಮ್ಯಾಲೆ ಕುಂತು ಕ್ಲಿಪ್ಪು ತಗದ್ಲು.
ತುದಿಗೆ ಹಳೇ ಕಪ್ಪು ಡೈ. ಅದನ ಕತ್ತರಿಸಿದೆ.
ಉಳದದ್ದು ಅಕಿದೇ ಬಣ್ಣ,
ಬೆಲ್ಲದ ಪಾಕ ಇಳಿಸೂಕಿಂತ ತುಸು ಮೊದಲಿನ ಕೆಂಚು.
"ಸಾಲ್ಯಾಗ ಕೆಂಚಿ ಅಂತಿದ್ರು.
ಕನ್ಯಾ ನೋಡಾಕ ಬರೂ ದಿನ ನಮ್ಮವ್ವ
ಹರಳೆಣ್ಣಿಯೊಳಗ ದೀಪದ ಕಾಡಿಗಿ ಕಲಿಸಿ ಬಡದಿದ್ಲು.
ವರನ ತಾಯಿ ತಲಿ ಸವರಿ, ತನ್ನ ಕೈ ನೋಡಿಕೊಂಡು,
ಉಪ್ಪಿಟ್ಟು ಅಲ್ಲೇ ಬಿಟ್ಟು ಎದ್ದು ಹೋದ್ಲು."
ನಕ್ಕಳು. ಆಮ್ಯಾಲೆ ಬ್ಯಾರೆ ಮಂದಿ ಬಂದ್ರಂತ,
ಮದಿವಿ ಆತಂತ. ಆ ಸುದ್ದಿ ಅಲ್ಲಿಗೇ ಬಿಟ್ಲು.
"ಇನ್ನ ಕರೇದು ಬ್ಯಾಡ. ಬಂಗಾರ ಮಾಡು."

"ಡಿಪೋದಾಗ ಏನರ ಅಂದ್ರ?"
"ಖಾಕಿ ಉಡು ಅಂತ ಬರದಾರ.
ಕೂದಲದ್ದು ಎಲ್ಲಿ ಬರದಾರ?"

ಡಬ್ಬಿ ತೆರದೆ. ಪುಡಿ ನೀಲಿ.
ಬಣ್ಣ ತಗಿಯೂ ಪುಡಿಗೆ ಬಣ್ಣ ಯಾಕ ಕೊಟ್ಟಾರೋ.
ನಮ್ಮದು ನೀಲಗಾರರ ಮನಿ.
ಅಪ್ಪನ ಕೈ ಮೊಣಕೈತನಕ ನೀಲಿ ಇತ್ತು,
ಊಟಕ್ಕ ಕುಂತಾಗ ರೊಟ್ಟಿ ಹರಿಯೂ ಬಟ್ಟು
ಬ್ಯಾರೆ ಯಾರದೋ ಅನಸ್ತಿತ್ತು.
ಏಳು ತಲಿಮಾರು ಹಾಕಿದ್ದನ್ನ ನೀ ಒಬ್ಬಾಕೀನ ತಗದಬಿಡ್ತಿ
ಅಂತ ಒಂದಿನ ಅಂದಿದ್ದ.
ಬೈದದ್ದಲ್ಲ, ಲೆಕ್ಕ ಹೇಳಿದ್ದ.

ಎಳಿ ಎಳಿ ಬಿಡಿಸಿ ಬ್ರಷ್ಶಿಲೆ ಬಳದು
ಬೆಳ್ಳಿ ಹಾಳ್ಯಾಗ ಮಡಚಿದೆ.
ಪಾನಂಗಡಿ ಗುಟ್ಕಾ ಸರ ಇಳಿಬಿಟ್ಟಂಗ ಕಾಣತೀನಿ ಅಂದ್ಲು.
ವಾಸನಿ ಮೂಗಿಗೆ ಏರಿತು, ಇಬ್ಬರ ಕಣ್ಣಾಗೂ ನೀರು.
"ಉರೀತೈತೇನ್ರಿ?"
"ಮೇ ತಿಂಗಳದಾಗ ಇಂಜಿನ್ ಬಾಜೂಕ ನಿಂತಂಗ. ತಡಕೋತೀನಿ."

ಕೆಂಚು ಒಮ್ಮೆಲೆ ಬೆಳ್ಳಗ ಆಗೂದಿಲ್ಲ.
ಮೊದಲು ಇಟ್ಟಂಗಿ. ಆಮ್ಯಾಲೆ ಕೇಸರಿಭಾತು.
ಆಮ್ಯಾಲೆ ತತ್ತಿಯ ಹಳದಿ. ಅಲ್ಲಿಗೆ ಬಂದು ನಿಂತಬಿಡತು.
ನಲವತ್ತು ನಿಮಿಷ. ಒಂದು ಕೂದಲು ಎಳದು ನೋಡಿದೆ,
ರಬ್ಬರಿನಂಗ ಜಗ್ಗಿತು. ಎದಿ ಧಸಕ್ ಅಂತು.
ಇನ್ನೊಂದು ಕೈ ಹಚ್ಚಿದ್ರ ಮುರೀತಾವ.

ಹೊರಗ ಕಟ್ಟಿಗೆ ಅಪ್ಪ. ಒಳಗ ಎಂದೂ ಬರೂದಿಲ್ಲ,
ಹೆಂಗಸರ ಅಂಗಡಿ ಅಂತ.
ಒಂದು ಎಳಿ ಕತ್ತರಿಸಿ ಅಂಗೈಯಾಗ ಇಟಗೊಂಡು ಹೋದೆ.
ಬಿಸಲಿಗೆ ಹಿಡದ. ಕೈ ಈಗ ಎಲ್ಲಾರ ಕೈಯಂಗ ಆಗೈತಿ,
ಉಗರಿನ ಸಂದ್ಯಾಗ ಮಾತ್ರ ನೀಲಿ ಹೋಗಿಲ್ಲ.
"ತೊಯ್ದಾಗ ನೋಡಬ್ಯಾಡ. ತೊಯ್ದ ನೂಲು ಸುಳ್ಳ ಹೇಳತೈತಿ.
ಇನ್ನ ಸುಡಬ್ಯಾಡ, ಸತ್ತೀತು.
ಹಳದಿ ಹೋಗಬೇಕಂದ್ರ ಒಂದೀಟ ನೀಲಿ ತೋರಿಸು,
ತೋರಿಸಿ ತಗದಬಿಡು."
ಇದು ಕೂದಲು ಅಂತ ನಾ ಹೇಳಲಿಲ್ಲ.
ಅವ ಕೇಳಲೂ ಇಲ್ಲ.

ಐದು ಕೊಡ ಸಿಹಿನೀರು.
ಜಾಂಬಳಿ ಟೋನರ್ ಬಟ್ಟಲದಾಗ ಕದಡಿ ಹಚ್ಚಿ,
ನೂರರ ಮಟ ಎಣಿಸಿ, ತೊಳದೆ.
ಫ್ಯಾನಿನ ಕೆಳಗ ಒಣಗತಾ ಒಣಗತಾ ಬಂತು,
ಬಂಗಾರ ಅನ್ನಾಕ ಬರಾಂಗಿಲ್ಲ,
ಜ್ವಾಳದ ದಂಟು, ಕೊಯ್ದು ತಿಂಗಳಾದದ್ದು.
ಕಿವಿ ಹಿಂದ ಒಂದು ಕಡೆ ಕೇಸರಿ ಉಳದಿತ್ತು. ತೋರಿಸಿದೆ.
ಕನ್ನಡಿಯಾಗ ಬಾಳ ಹೊತ್ತು ನೋಡಿದ್ಲು.
ಆಮ್ಯಾಲೆ, ಯಾವುದೋ ಸ್ಟಾಪಿನ್ಯಾಗ
ಏರಿದಾಕೀನ ಗುರುತು ಹಿಡದಂಗ,
"ಕೆಂಚಿ," ಅಂದ್ಲು.

ನೋಟು ಉದ್ದಕ ಮಡಚಿ ಬಟ್ಟಿನ ಸಂದ್ಯಾಗ ಹಿಡದು ಎಣಿಸಿದ್ಲು.
ಎಪ್ಪತ್ತು ತಿರುಗಿ ಕೊಡಬೇಕು, ನನ್ನ ಹಂತ್ಯಾಕ ಚಿಲ್ಲರ ಇಲ್ಲ.
ಪರ್ಸಿನ್ಯಾಗಿಂದ ಒಂದು ಹಳೇ ಟಿಕೀಟು ತಗದು
ಹಿಂದ ಎಪ್ಪತ್ತು ಅಂತ ಬರದು, ಸುತ್ತ ಗೆರಿ ಎಳದು,
ತಾನೇ ಇಟಗೊಂಡ್ಲು.
"ಇರಲಿ ಬಿಡವಾ. ಇಳಿಯೂ ಮುಂದ ಇಸಗೋತೀನಿ."